ನಟ್ಟನಡುವಿನ ಸೊನ್ನೆ

ಕಳೆದ ತಿಂಗಳು ಪಾಂಡವಪುರದಲ್ಲಿ ನನ್ನ ಹಳೆಯ ಸಹೋದ್ಯೋಗಿ ಮೇಡಂ ಒಬ್ಬರ ಸಂತಾಪ ಸಭೆ ನಡೆಯಿತು. ನಾವಿಬ್ಬರೂ ಕೆಲಸ ಮಾಡಿದ್ದ ಕಾಲೇಜಿನ ಆಡಳಿತ ಮಂಡಳಿಯವರೊಬ್ಬರು ಎದ್ದು ನಿಂತು, ‘ಅವರು ಬಹಳ ಸೌಮ್ಯ ಸ್ವಭಾವದವರು, ಯಾರಿಗೂ ಎದುರು ಮಾತಾಡಿದವರಲ್ಲ’ ಎಂದರು. ಕೂತಿದ್ದವರು ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು.

ಅವರು ಸೌಮ್ಯರಾಗಿರಲಿಲ್ಲ. ನಾನು ಕಂಡವರಲ್ಲಿ ಅವರಷ್ಟು ಸಿಟ್ಟಿನ ಮನುಷ್ಯರು ಇನ್ನೊಬ್ಬರಿಲ್ಲ. ಅವರಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಗುಣವೇ ಆ ಸಿಟ್ಟು. ಬದುಕಿದ್ದಾಗ ಕೆಲಸ ಕಿತ್ತುಕೊಂಡರು, ಸತ್ತ ಮೇಲೆ ಸಿಟ್ಟನ್ನೂ ಕಿತ್ತುಕೊಂಡರಲ್ಲ ಎಂದು ಸಂಕಟವಾಯಿತು. ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗೆ ಏಕಿಲ್ಲ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರದ ಒಂದು ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಹೇಳುತ್ತಿದ್ದರು, ನಾನು ರಸಾಯನಶಾಸ್ತ್ರ. ಇಬ್ಬರೂ ತಾತ್ಕಾಲಿಕದವರು. ಪ್ರತಿ ಜೂನ್ ತಿಂಗಳಲ್ಲಿ ಹೊಸ ಆದೇಶ ಕೈಗೆ ಬಂದರೆ ಆ ವರ್ಷಕ್ಕೆ ಕೆಲಸ, ಇಲ್ಲವಾದರೆ ಮನೆ. ನಾನು ಕೆ.ಆರ್. ಪೇಟೆ ಕಡೆಯಿಂದ ಬರುತ್ತಿದ್ದೆ. ಅವರದು ನಾಗಮಂಗಲದ ಹತ್ತಿರದ ಒಂದು ಹಳ್ಳಿ, ಒಕ್ಕಲುತನದ ಮನೆ. ಬೆಳಿಗ್ಗೆ ಎದ್ದು ಹಸು ಕರೆದು, ಡೇರಿಗೆ ಹಾಲು ಹಾಕಿ, ಜಕ್ಕನಹಳ್ಳಿ ಮೇಲೆ ಬರುವ ಬಸ್ಸು ಹಿಡಿಯುತ್ತಿದ್ದರು. ಆಗ ಅವರಿಗೆ ಮೂವತ್ತು ದಾಟಿರಬೇಕು. ಮದುವೆಯ ಮಾತು ಎತ್ತಿದವರಿಗೆ, ‘ಮೊದಲು ನಿಮ್ಮ ಮನೇಲಿ ಎಲ್ಲಾ ಸುಖವಾಗವ್ರಾ ನೋಡ್ಕೊಂಡ್ ಬನ್ನಿ’ ಎನ್ನುತ್ತಿದ್ದರು. ಎರಡನೆಯ ಸಲ ಯಾರೂ ಎತ್ತುತ್ತಿರಲಿಲ್ಲ.

ಒಮ್ಮೆ ಬಸ್ಸಿನವನು ನಿಲ್ದಾಣದಲ್ಲಿ ಕಾಯುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರನ್ನು ಹತ್ತಿಸಿಕೊಳ್ಳದೆ ಹೊರಟನಂತೆ. ಇವರು ಕೂಗಿ ಬಸ್ಸು ನಿಲ್ಲಿಸಿ, ಇಳಿದು, ಬಸ್ಸಿನ ಮುಂದೆ ನಿಂತುಬಿಟ್ಟರು. ಹುಡುಗಿಯರು ಓಡಿ ಬಂದು ಹತ್ತುವವರೆಗೆ ಅಲುಗಲಿಲ್ಲ. ಆ ದಿನ ಕಾಲೇಜಿಗೆ ತಡವಾಗಿ ಬಂದರು. ತಡವಾದುದನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ತಾವೇ ಬರೆದುಕೊಂಡರು. ಪ್ರಿನ್ಸಿಪಾಲರು, ‘ಇರಲಿ ಬಿಡಿ ಮೇಡಂ’ ಎಂದುದಕ್ಕೆ, ಇರಲಿ ಬಿಡಿ ಅಂದು ಅಂದೇ ಈ ಕಾಲೇಜು ಹೀಗಾಗಿದೆ ಎಂದರು. ಇವರನ್ನು ಸೌಮ್ಯ ಸ್ವಭಾವದವರು ಎನ್ನುತ್ತಾರೆ.

ಅವರ ತರಗತಿ ನನ್ನ ಪ್ರಯೋಗಾಲಯದ ಪಕ್ಕದಲ್ಲೇ ಇತ್ತು. ನಡುವಿನ ಗೋಡೆ ಸೂರಿನವರೆಗೆ ಇರಲಿಲ್ಲ. ಹಾಗಾಗಿ ನಾಲ್ಕು ವರ್ಷ ಅವರ ಪಾಠವನ್ನು ನಾನೂ ಕೇಳಿದೆ. ಸ್ಥಿರವಿದ್ಯುತ್ತಿನ ಅಧ್ಯಾಯ ಬಂತೆಂದರೆ ಗೋಡೆಯಾಚೆ ಒಂದು ಯುದ್ಧ. ದಿಕ್ಕು ಇರುವ ರಾಶಿ ಸದಿಶ, ದಿಕ್ಕಿಲ್ಲದ್ದು ಅದಿಶ. ವಿದ್ಯುತ್ ಕ್ಷೇತ್ರ ಸದಿಶ, ವಿಭವ ಅದಿಶ. ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಫೀಲ್ಡು, ಪೊಟೆನ್ಷಿಯಲ್ಲು ಎಂದು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅದಲು ಬದಲು ಮಾಡುತ್ತಿದ್ದರು. ಫೀಲ್ಡಿನ ಅಕ್ಷರದ ತಲೆಯ ಮೇಲೆ ಬಾಣ ಹಾಕುವುದನ್ನು ಯಾರಾದರೂ ಮರೆತರೆ ಮುಗಿಯಿತು.

‘ಬಾಣ ಎಲ್ಲೋಯ್ತ್ಲಾ? ದಿಕ್ಕಿಲ್ದೆ ಎತ್ತಗಾ ತಳ್ತದೆ ಅದು?’

ಬೋರ್ಡಿನ ಮೇಲೆ ಬಾಣವನ್ನು ಅವರು ಎಷ್ಟು ಜೋರಾಗಿ ಎಳೆಯುತ್ತಿದ್ದರೆಂದರೆ ಸೀಮೆಸುಣ್ಣ ಮುರಿದು ಬೀಳುವ ಸದ್ದು ನನಗೆ ಕೇಳಿಸುತ್ತಿತ್ತು. ಹುಡುಗನೊಬ್ಬ ಒಮ್ಮೆ, ಮೈನಸ್ ಚಿಹ್ನೆ ಇದ್ದರೆ ಹಿಂದಿನ ದಿಕ್ಕು ಅಂತ ಅಲ್ಲವೇ, ಅಂದಮೇಲೆ ಪೊಟೆನ್ಷಿಯಲ್ಲಿಗೂ ದಿಕ್ಕು ಇದ್ದ ಹಾಗಾಯಿತಲ್ಲ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅವರು ಸಿಟ್ಟಾಗಲಿಲ್ಲ. ಹಿಮ ಬೀಳುವ ಊರಲ್ಲಿ ತಾಪ ಮೈನಸ್ ಐದು ಅಂದರೆ ಚಳಿ ಯಾವ ದಿಕ್ಕಿಗೆ ನಡೆದುಹೋಗುತ್ತದೆ ಎಂದು ತಿರುಗಿ ಕೇಳಿದರು. ಕರಿಘಟ್ಟಕ್ಕೆ ಮೆಟ್ಟಿಲಲ್ಲಿ ಹತ್ತಿದರೂ ರಸ್ತೆಯಲ್ಲಿ ಸುತ್ತಿ ಹೋದರೂ ಬೆಟ್ಟದ ಎತ್ತರ ಒಂದೇ. ಎತ್ತರಕ್ಕೆ ಅಳತೆ ಉಂಟು, ದಿಕ್ಕಿಲ್ಲ. ದಿಕ್ಕಿರುವುದು ಇಳಿಜಾರಿಗೆ, ಕಲ್ಲು ಉರುಳುವುದು ಆ ಕಡೆಗೆ ಎಂದು ಹೇಳಿ, ಆ ಹುಡುಗನನ್ನು ಕೂರಿಸಿ, ಹತ್ತು ನಿಮಿಷ ಅದನ್ನೇ ಬಿಡಿಸಿ ಬಿಡಿಸಿ ಹೇಳಿದರು. ಅವರು ಸಿಡುಕುತ್ತಿದ್ದುದು ಗೊತ್ತಿಲ್ಲದವರ ಮೇಲಲ್ಲ. ಗೊತ್ತಿದ್ದೂ ಸುಮ್ಮನಿರುವವರ ಮೇಲೆ.

ನಾಲ್ಕನೆಯ ವರ್ಷ ಕಾಲೇಜಿನ ಹಿಂದೆ ನೀರಿನ ಪೈಪು ಹಾಕಲು ಕಾಲುವೆ ತೋಡಿದ್ದರು. ಅಗೆದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿದ್ದರು. ಅವರು ಇಡೀ ಸೆಕೆಂಡ್ ಪಿಯುಸಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗುಡ್ಡೆ ಪ್ಲಸ್, ಗುಂಡಿ ಮೈನಸ್. ಎರಡರ ನಟ್ಟನಡುವೆ ನಿಂತರೆ ಎತ್ತರ ಎಷ್ಟು? ನೆಲದ ಮಟ್ಟ, ಅಂದರೆ ಸೊನ್ನೆ. ಹಾಗಂತ ಅಲ್ಲಿ ಏನೂ ಇಲ್ಲವೆ? ಅವರು ಒಂದು ಎಳನೀರಿನ ಬುರುಡೆಯನ್ನು ಅಲ್ಲಿಟ್ಟು ಕೈಬಿಟ್ಟರು. ಅದು ದಡದಡನೆ ಗುಂಡಿಗೆ ಉರುಳಿತು. ಪೊಟೆನ್ಷಿಯಲ್ ಸೊನ್ನೆ, ಆದರೆ ಫೀಲ್ಡ್ ಜೋರಾಗಿದೆ, ಎರಡೂ ಒಟ್ಟಿಗೆ ನಿಜ ಎಂದರು. ಅಷ್ಟು ಹೇಳುವಾಗ ಕಾಲು ಜಾರಿ ತಾವೂ ಗುಂಡಿಯಲ್ಲಿ ಕೂತರು. ಮಕ್ಕಳು ನಗಲು ಹೆದರಿ ನಿಂತಿದ್ದರು. ಅವರೇ ಮೊದಲು ನಕ್ಕರು. ಸೀರೆಯ ಮಣ್ಣು ಸಂಜೆಯವರೆಗೂ ಹಾಗೇ ಇತ್ತು.

ಆ ಮಕ್ಕಳಲ್ಲಿ ಮಂಜುಳ ಎಂಬ ಹುಡುಗಿಯಿದ್ದಳು. ಅಪ್ಪನಿಗೆ ನಾಲ್ಕು ಹಸು, ಒಂದಷ್ಟು ಕಬ್ಬು. ಓದಿನಲ್ಲಿ ಮುಂದಿದ್ದವಳಲ್ಲ. ಇಂಗ್ಲಿಷು ಅವಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೆ ಒಂದು ಸಲ ಅರ್ಥವಾದುದನ್ನು ಬಿಡುತ್ತಿರಲಿಲ್ಲ.

ಜನವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕೆಲವು ಕಾಲೇಜಿನವರು ಸೇರಿ ಒಂದೇ ಪ್ರಶ್ನೆಪತ್ರಿಕೆ ಮಾಡುತ್ತಿದ್ದೆವು. ಮೌಲ್ಯಮಾಪನಕ್ಕೆ ಎಲ್ಲರೂ ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಸೇರುತ್ತಿದ್ದೆವು. ನಮ್ಮ ಕಾಲೇಜಿನಲ್ಲಿ ಒಂದು ದರಿದ್ರ ನಿಯಮವಿತ್ತು: ಪ್ರಿಪರೇಟರಿಯಲ್ಲಿ ಫೇಲಾದವರಿಗೆ ವಾರ್ಷಿಕ ಪರೀಕ್ಷೆಯ ಹಾಲ್ ಟಿಕೆಟ್ ಕೊಡುತ್ತಿರಲಿಲ್ಲ. ಕಾಲೇಜಿನ ಫಲಿತಾಂಶ ಚೆನ್ನಾಗಿ ಕಾಣಲಿ ಎಂದು ಮಕ್ಕಳ ಒಂದು ವರ್ಷವನ್ನು ತಿಂದುಹಾಕುವ ಉಪಾಯ. ಅದನ್ನು ಅವರು ಪ್ರತಿ ಸ್ಟಾಫ್ ಮೀಟಿಂಗಿನಲ್ಲಿ ವಿರೋಧಿಸುತ್ತಿದ್ದರು. ನಾವೆಲ್ಲ ಬಿಸ್ಕತ್ತು ತಿನ್ನುತ್ತಿದ್ದೆವು.

ಭೌತಶಾಸ್ತ್ರದ ಮಾದರಿ ಉತ್ತರ ಬರೆದವರು ಒಬ್ಬ ಹಿರಿಯ ಉಪನ್ಯಾಸಕರು. ನಾಲ್ಕು ತಾಲ್ಲೂಕಿನಲ್ಲೂ ಅವರ ನೋಟ್ಸು ಓಡುತ್ತಿತ್ತು. ಅದಿಲ್ಲದ ಚೀಲವೇ ಇರಲಿಲ್ಲ. ಎಲ್ಲರೂ ಅವರನ್ನು ನೋಟ್ಸ್ ಮೇಷ್ಟ್ರು ಎನ್ನುತ್ತಿದ್ದರು. ನಮ್ಮ ಆಡಳಿತ ಮಂಡಳಿಗೆ ಬೇಕಾದವರು. ಯಾರ ತಾತ್ಕಾಲಿಕ ಕೆಲಸ ಕಾಯಂ ಆಗಬೇಕೆಂಬ ಮಾತು ಬಂದಾಗ ಅವರ ಅಭಿಪ್ರಾಯ ಕೇಳುತ್ತಿದ್ದರು.

ಪತ್ರಿಕೆಯಲ್ಲಿ ಐದು ಅಂಕದ ಒಂದು ಲೆಕ್ಕವಿತ್ತು. ಒಂದು ಧನ ಆವೇಶ, ಅಷ್ಟೇ ಪ್ರಮಾಣದ ಒಂದು ಋಣ ಆವೇಶ. ಎರಡರ ನಟ್ಟನಡುವಿನ ಬಿಂದುವಿನಲ್ಲಿ ಪೊಟೆನ್ಷಿಯಲ್ ಎಷ್ಟು? ಉತ್ತರ ಸೊನ್ನೆ. ನೋಟ್ಸ್ ಮೇಷ್ಟ್ರ ಉತ್ತರದಲ್ಲಿ ಎರಡನ್ನೂ ಕೂಡಿ ದುಪ್ಪಟ್ಟು ಮಾಡಿದ್ದರು. ಅವರ ನೋಟ್ಸಿನಲ್ಲೂ ಹಾಗೇ ಅಚ್ಚಾಗಿತ್ತು.

ನಾನು ಪಕ್ಕದ ಮೇಜಿನಲ್ಲಿ ಕೆಮಿಸ್ಟ್ರಿ ಪೇಪರು ತಿದ್ದುತ್ತಿದ್ದೆ. ಅವರು ಎದ್ದು ಮೇಷ್ಟ್ರ ಹತ್ತಿರ ಹೋಗಿ ಮೆಲ್ಲಗೆ, ಇಲ್ಲೊಂದು ತಪ್ಪಾಗಿದೆ ಸಾರ್ ಎಂದರು. ಎಲ್ಲರ ಮುಂದೆ ಕೂಗಲಿಲ್ಲ. ಬಾಗಿ, ಬರೀ ಅವರಿಗೆ ಕೇಳುವಂತೆ ಹೇಳಿದರು. ಕೂಗಿದ್ದು ಮೇಷ್ಟ್ರು.

‘ಒಂದು ಚಾರ್ಜು ತಳ್ತದೆ, ಇನ್ನೊಂದು ಎಳೀತದೆ. ಎರಡೂ ಒಂದೇ ಕಡೀಕೆ. ಅಂದಮೇಲೆ ಕೂಡಬೇಕು. ಕಳೆಯೋದು ಎಲ್ಲಿಂದ ಬಂತಮ್ಮಾ?’

‘ಅದು ಫೀಲ್ಡಿಗೆ ಸಾರ್. ಫೀಲ್ಡಿಗೆ ದಿಕ್ಕಿದೆ. ಪೊಟೆನ್ಷಿಯಲ್ಲಿಗೆ ಬರೀ ಚಿಹ್ನೆ ಇದೆ. ಒಂದು ಪ್ಲಸ್ಸು, ಒಂದು ಮೈನಸ್ಸು.’

‘ನೀವು ಹುಟ್ಟೋಕೆ ಮುಂಚಿಂದ ಪಾಠ ಮಾಡ್ತಾ ಇದ್ದೀನಿ ತಾಯಿ.’

‘ಅಷ್ಟು ವರ್ಷದಿಂದ್ಲೂ ತಪ್ಪು ಹೇಳ್ಕೊಡ್ತಿದ್ದೀರಾ ಅಂದಂಗಾಯ್ತು.’

ಹಾಲಿನಲ್ಲಿ ಪೆನ್ನುಗಳೆಲ್ಲ ನಿಂತವು. ಅವರು ಬೋರ್ಡಿನ ಹತ್ತಿರ ಹೋಗಿ ಚಿತ್ರ ಬರೆದು, ಎರಡು ಸಾಲಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ಅಲ್ಲಿದ್ದ ಭೌತಶಾಸ್ತ್ರದ ಉಳಿದ ಏಳು ಜನರಿಗೂ ಅವರು ಹೇಳುತ್ತಿರುವುದು ಸರಿ ಎಂದು ಗೊತ್ತಿತ್ತು. ಒಬ್ಬರ ಚೀಲದಲ್ಲಿ ಪಠ್ಯಪುಸ್ತಕವೇ ಇತ್ತು. ಆ ಉಪನ್ಯಾಸಕರು ಅದನ್ನು ಮೆಲ್ಲಗೆ ಕಾಲಡಿಗೆ ಸರಿಸಿದ್ದನ್ನು ನಾನು ನೋಡಿದೆ. ಮೇಷ್ಟ್ರು ಟೀ ತರಿಸಿದರು. ಟೀ ಆದ ಮೇಲೆ, ಜಗಳ ಯಾಕೆ, ಬಹುಮತದಂತೆ ಹೋಗೋಣ ಎಂದರು. ತಮ್ಮ ಉತ್ತರ ಸರಿ ಎನ್ನುವವರು ಕೈ ಎತ್ತಿ ಎಂದರು. ಏಳೂ ಕೈ ಎದ್ದವು. ಮೇಷ್ಟ್ರು ನಮ್ಮ ಮೇಜಿನ ಕಡೆ ತಿರುಗಿ, ನೀವೂ ವಿಜ್ಞಾನದವರೇ ಅಲ್ಲವೇ ಎಂದು ನಕ್ಕರು. ಜೂನ್‌ನಲ್ಲಿ ನನ್ನ ಕೆಲಸ ಕಾಯಂ ಆಗುವ ಮಾತು ನಡೆದಿತ್ತು.

ನಾನೂ ಕೈ ಎತ್ತಿದೆ.

ಭೌತಶಾಸ್ತ್ರದ ಒಂದು ಲೆಕ್ಕವನ್ನು ಕೈ ಎತ್ತಿಸಿ ತೀರ್ಮಾನ ಮಾಡಿದ್ದನ್ನು ಇಂದು ಯಾರಿಗಾದರೂ ಹೇಳಿದರೆ ನಗುತ್ತಾರೆ. ಅವತ್ತು ಯಾರೂ ನಗಲಿಲ್ಲ. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಹೋಗಿ ಕೂತು, ಸೊನ್ನೆ ಎಂದು ಬರೆದ ಮಕ್ಕಳಿಗೆಲ್ಲ ಐದಕ್ಕೆ ಐದು ಕೊಟ್ಟು, ಪ್ರತಿ ಪತ್ರಿಕೆಯ ಮೇಲೂ ಪೂರ್ತಿ ಸಹಿ ಹಾಕಿದರು. ಸಂಜೆ ಮೇಷ್ಟ್ರು ಅವರ ಕಟ್ಟನ್ನು ತರಿಸಿಕೊಂಡು, ಬೇರೆಯವರ ಕೈಲಿ ಆ ಅಂಕಗಳನ್ನು ಹೊಡೆಸಿಹಾಕಿದರು. ಆ ಕಟ್ಟಿನಲ್ಲಿ ಮಂಜುಳಳ ಪತ್ರಿಕೆಯೂ ಇತ್ತು. ಐದು ಅಂಕ ಹೋಗಿ ಅವಳು ಮೂರು ಅಂಕದಲ್ಲಿ ಫೇಲಾದಳು.

ಮಾರನೆಯ ದಿನ ಅವರು ತರಗತಿಯಲ್ಲಿ ಎಲ್ಲರ ನೋಟ್ಸನ್ನೂ ತೆಗೆಸಿದರು. ಆ ಪುಟಕ್ಕೆ ಬಂದು, ಪ್ರತಿಯೊಬ್ಬರ ಬೆಂಚಿಗೂ ಹೋಗಿ, ಆ ಲೆಕ್ಕದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯುತ್ತರ ಬರೆದರು. ಸುದ್ದಿ ಮಧ್ಯಾಹ್ನದೊಳಗೆ ಶ್ರೀರಂಗಪಟ್ಟಣ ಮುಟ್ಟಿತು. ಸಂಜೆಗೆ ಆಡಳಿತ ಮಂಡಳಿಯಿಂದ ಫೋನು ಬಂತು: ಹಿರಿಯರಿಗೆ ಅವಮಾನ ಮಾಡಿದ್ದಾರೆ, ಕ್ಷಮಾಪಣೆ ಪತ್ರ ಬರೆದುಕೊಡಬೇಕು. ಅವರು ಆಗುವುದಿಲ್ಲ ಎಂದರು. ಮೂರು ವಾರ ಆಗುವುದಿಲ್ಲ ಎಂದೇ ಅಂದರು. ಆ ಮೂರು ವಾರ ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲ. ಅವರು ತಂದ ರಾಗಿರೊಟ್ಟಿಯಲ್ಲಿ ನನಗೆ ಅರ್ಧ ಮುರಿದು ಕೊಡುವುದು ಅಲ್ಲಿಯವರೆಗೆ ರೂಢಿಯಾಗಿತ್ತು. ಅವತ್ತಿನಿಂದ ಒಬ್ಬರೇ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೂತು ತಿನ್ನುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ನಾನು ಒಳಗೆ ಹೋಗಲಿಲ್ಲ.

ಹಾಲ್ ಟಿಕೆಟ್ ಬಂದ ದಿನ ಮಂಜುಳಳ ಅಪ್ಪ ಬಂದ. ಹೆಗಲ ಮೇಲಿನ ಟವಲನ್ನು ಕೈಗೆ ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ನಿಂತಿದ್ದ. ಈ ವರ್ಷ ಕೂರಿಸದಿದ್ದರೆ ಮುಂದಿನ ವರ್ಷ ತನ್ನ ಅಣ್ಣತಮ್ಮಂದಿರು ಹುಡುಗಿಯನ್ನು ಓದಿಸಲು ಬಿಡುವುದಿಲ್ಲ ಎಂದು ಹೇಳಿಕೊಂಡ. ಪ್ರಿನ್ಸಿಪಾಲರು ನಿಯಮ ಎಂದರು. ಆ ಹೊತ್ತಿನಲ್ಲಿ ನಾನು ರಜೆಯ ಅರ್ಜಿ ಹಿಡಿದು ಅಲ್ಲೇ ಇದ್ದೆ. ಅವರು ನೇರ ಒಳಗೆ ಬಂದರು.

‘ಆ ಹುಡುಗಿಗೆ ಹಾಲ್ ಟಿಕೆಟ್ ಕೊಡಿ. ನಿಮ್ಮ ಪತ್ರ ಬರ್ಕೊಡ್ತೀನಿ.’

ಪ್ರಿನ್ಸಿಪಾಲರು ಕಾಗದ ಮುಂದೆ ತಳ್ಳಿ, ಏನು ಬರೆಯಬೇಕೆಂದು ತಾವೇ ಹೇಳಿದರು. ಧ್ವನಿ ಏರಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ ಎಂಬಲ್ಲಿಗೆ ಅವರು ಪೆನ್ನು ನಿಲ್ಲಿಸಿದರು. ಅಷ್ಟು ಸಾಲದು ಎಂದರು ಪ್ರಿನ್ಸಿಪಾಲರು. ‘ನನ್ನ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ’ ಎಂದೂ ಬರೆಯಬೇಕಿತ್ತು. ಬರೆಯುವುದಿಲ್ಲ, ಕಾಗದ ಹರಿದು ಎಸೆಯುತ್ತಾರೆ ಎಂದುಕೊಂಡೆ. ಅವರು ಬಾಗಿಲಾಚೆ ನಿಂತಿದ್ದ ಮನುಷ್ಯನನ್ನು ಒಮ್ಮೆ ನೋಡಿದರು.

‘ನಾನು ಬರ್ಕೊಟ್ಟ ಮಾತ್ರಕ್ಕೆ ಅಲ್ಲಿ ಪೊಟೆನ್ಷಿಯಲ್ ಬದಲಾಗಲ್ಲ,’ ಎಂದರು. ಬರೆದು ಸಹಿ ಹಾಕಿದರು. ಹಾಲ್ ಟಿಕೆಟನ್ನು ತಾವೇ ಎತ್ತಿಕೊಂಡು ಹೋಗಿ ಆ ಅಪ್ಪನ ಕೈಗೆ ಕೊಟ್ಟರು. ಪತ್ರದ ವಿಷಯ ಅವನಿಗೆ ಹೇಳಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟಿರುತ್ತಿರಲಿಲ್ಲ. ಮಾರನೆಯ ದಿನ ಆಡಳಿತ ಮಂಡಳಿಯವರು ಅವರಿಗೆ ಇನ್ನು ಬರುವುದು ಬೇಡ ಎಂದು ಹೇಳಿದರು. ಆ ಪತ್ರವನ್ನು ಸೆಕೆಂಡ್ ಪಿಯುಸಿ ತರಗತಿಯಲ್ಲಿ ಓದಿಸಬೇಕೆಂದು ಮೇಷ್ಟ್ರು ಆಸೆಪಟ್ಟರಂತೆ. ಅಡ್ಡಗೆರೆ ಎಳೆದ ಕಡೆಯೇ ಅದು ಕೇಳಿಸಬೇಕಂತೆ. ಓದುವ ಕೆಲಸ ನನಗೆ ಬಂತು. ಪಕ್ಕದ ಕೋಣೆಯಲ್ಲೇ ಇದ್ದೀರಲ್ಲ ಎಂದರು ಪ್ರಿನ್ಸಿಪಾಲರು. ನಾನು ಹೋಗಿ, ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಅವರ ಕೈಬರಹವನ್ನು ಓದಿದೆ. ಮೂರನೆಯ ಬೆಂಚಿನಿಂದ ಮಂಜುಳ ಎದ್ದು ನಿಂತಳು.

‘ಅಂಗಾರೆ ಸೊನ್ನೆ ತಪ್ಪಾ ಸಾರ್?’

ಒಂದು ಮಾತು ಸಾಕಿತ್ತು. ತಪ್ಪಲ್ಲ ಎಂದರೆ ಆಗಿತ್ತು. ತಲೆಯಾಡಿಸಿದ್ದರೂ ಆಗಿತ್ತು. ‘ಬರೆದಿರೋದನ್ನ ಓದಿದೀನಿ, ಕೂತ್ಕೊ’ ಎಂದೆ. ಅವಳು ಕೂತಳು.

ಜೂನ್‌ನಲ್ಲಿ ನನ್ನ ಕೆಲಸ ಕಾಯಂ ಆಯಿತು. ಮರುವರ್ಷದ ನೋಟ್ಸಿನಲ್ಲಿ ಆ ಲೆಕ್ಕದ ಉತ್ತರ ಸದ್ದಿಲ್ಲದೆ ಸೊನ್ನೆಯಾಯಿತು. ಮೇಷ್ಟ್ರಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡರು. ಆ ಹೊಸ ಪುಟ ನೋಡಿದ ದಿನ ನಾನು ನೋಟ್ಸನ್ನು ಗೋಡೆಗೆ ಬಿಸಾಡಿದೆ. ಯಾರೂ ಇಲ್ಲದಾಗ ಬಿಸಾಡಿದೆ, ಆಮೇಲೆ ಎತ್ತಿಟ್ಟೆ. ನನ್ನ ಸಿಟ್ಟು ಅಂಥದ್ದು.

ಅವರು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲು ಸೇರಿದರೆಂದು ಕೇಳಿದ್ದೆ. ನಮ್ಮೂರಿಂದ ದೂರವೇನಲ್ಲ. ಆದರೂ ಹೋಗಲು ನನಗೆ ಐದು ವರ್ಷ ಹಿಡಿಯಿತು. ದಶಕದ ಕಡೆಯಲ್ಲಿ, ಗೋವಿಂದನಹಳ್ಳಿಯ ಹತ್ತಿರ ನೆಂಟರ ಮನೆಗೆ ಹೋದವನು ಮನಸ್ಸು ಗಟ್ಟಿಮಾಡಿ ಆ ಶಾಲೆಗೆ ನಡೆದೆ. ಊಟದ ಬಿಡುವಿನ ಹೊತ್ತು. ಅವರು ಜಗಲಿಯ ಮೇಲೆ ಕೂತು ಎಂಟನೆಯ ತರಗತಿಯ ಪುಸ್ತಕಗಳನ್ನು ತಿದ್ದುತ್ತಿದ್ದರು. ತಲೆ ಅರ್ಧ ನರೆತಿತ್ತು. ನನ್ನನ್ನು ಕಂಡು ಏಳಲಿಲ್ಲ. ಬನ್ನಿ ಎಂದು, ಪಕ್ಕದಲ್ಲಿದ್ದ ಪುಸ್ತಕ ಸರಿಸಿ ಜಾಗ ಮಾಡಿದರು. ಮನೆಯವರು, ಮಳೆಬೆಳೆ ಎಲ್ಲ ವಿಚಾರಿಸಿದರು. ಮಂಜುಳ ಲ್ಯಾಬ್ ಟೆಕ್ನಿಷಿಯನ್ ಆಗಿರುವುದನ್ನು, ಆಗಾಗ ಕಾಗದ ಬರೆಯುವುದನ್ನು ಹೇಳಿದರು. ನಾನು ಒಂದು ಗಂಟೆಯಿಂದ ಬಾಯಲ್ಲಿ ಜೋಡಿಸಿಕೊಂಡಿದ್ದ ಮಾತನ್ನು ಹೇಳಿಬಿಟ್ಟೆ: ಅವತ್ತು ಕೈ ಎತ್ತಿದ್ದು ತಪ್ಪಾಯಿತು, ಕೆಲಸ ಹೋಗುತ್ತದೆ ಎಂದು ಭಯವಿತ್ತು ಎಂದೆ.

‘ನನಗೂ ಭಯ ಇತ್ತಲ್ಲ,’ ಎಂದರು.

ತೀರಾ ಸಹಜವಾಗಿ ಅಂದರು. ಅಲ್ಲಿಯವರೆಗೆ ಅವರಿಗೆ ಭಯವೆಂಬುದೇ ಇಲ್ಲ, ಅದಕ್ಕೇ ಅವರಿಂದಾಯಿತು, ನನ್ನಿಂದಾಗಲಿಲ್ಲ ಎಂದು ನಂಬಿಕೊಂಡಿದ್ದೆ. ಆ ನಂಬಿಕೆಯಲ್ಲಿ ಐದು ವರ್ಷ ಕಾಲ ಚೆನ್ನಾಗಿ ನಿದ್ದೆ ಮಾಡಿದ್ದೆ.

ಅವರು ಕೈಲಿದ್ದ ಪುಸ್ತಕ ಮುಚ್ಚಿದರು. ‘ಕ್ಲಾಸಲ್ಲಿ ಮಂಜುಳ ನಿಮ್ಮನ್ನ ಕೇಳಿದ್ಲಂತೆ, ಸೊನ್ನೆ ತಪ್ಪಾ ಅಂತ. ಅವಳಿಗೆ ಉತ್ತರ ಗೊತ್ತಿತ್ತು ಕಣ್ರೀ. ನೀವು ಹೇಳ್ತೀರೋ ಇಲ್ವೋ ನೋಡೋಕೆ ಕೇಳಿದ್ಲು.’

ಆ ಪುಸ್ತಕವನ್ನು ಕಟ್ಟಿನ ಮೇಲಿಟ್ಟರು.

‘ಕೈ ಎತ್ತಿದ್ದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಕೆಲಸ ಹೋಗಿದ್ದಕ್ಕೂ ಇಲ್ಲ. ಇದಕ್ಕಿದೆ. ಇದು ಹೋಗಲ್ಲ.’

ಗಂಟೆ ಹೊಡೆಯಿತು. ಅವರು ಪುಸ್ತಕಗಳನ್ನು ಎದೆಗವಚಿಕೊಂಡು ಎದ್ದರು. ಹುಡುಗರು ಬುತ್ತಿಯ ಡಬ್ಬಿ ತೊಳೆದು ಒಳಗೆ ಓಡುತ್ತಿದ್ದರು. ಬಸ್ಸು ಎರಡೂವರೆಗಿದೆ, ತಪ್ಪಿದರೆ ಸಂಜೆಯವರೆಗೆ ಇಲ್ಲ, ಬೇಗ ಹೊರಡಿ ಎಂದು ಹೇಳಿ ಅವರು ತರಗತಿಯೊಳಗೆ ಹೋದರು.